ಕೊಂಬೆ ವಾಪಸ್ ಕಟ್ಟಿದ ಮರ

ಮರ ಕಡಿಯುವವರನ್ನು ನೀವು ನೋಡಿದ್ದೀರಿ. ಸಸಿ ನೆಟ್ಟು ಪೇಪರಿಗೆ ಫೋಟೋ ಕೊಡುವವರನ್ನಂತೂ ದಿನವೂ ನೋಡುತ್ತೀರಿ. ಒಂದು ಮರವನ್ನು ಕಡಿದು, ಕೊಂಬೆ ಸವರಿ, ಸಿಪ್ಪೆ ತೆಗೆದು, ಆಮೇಲೆ ಅದೇ ಮರಕ್ಕೆ ಅದೇ ಕೊಂಬೆಗಳನ್ನು ಹಗ್ಗದಲ್ಲಿ ವಾಪಸ್ ಕಟ್ಟಿದವರನ್ನು ನೋಡಿದ್ದೀರಾ?

ನೋಡಬೇಕಿದ್ದರೆ ಕಳೆದ ವಾರ ಕೆ.ಆರ್. ಪೇಟೆಯ ನಮ್ಮ ಮನೆಗೆ ಬರಬೇಕಿತ್ತು. ಮರ ಇನ್ನೂ ಹಾಲ್‌ನಲ್ಲೇ ನಿಂತಿದೆ. ಬಂದರೆ ಈಗಲೂ ನೋಡಬಹುದು. (ಮುಟ್ಟಬೇಡಿ. ಮುಟ್ಟಿದರೆ ಉದುರುತ್ತದೆ.)

ನಮ್ಮ ಮಹಡಿ ಮೇಲಿನ ಶೀಟಿನ ಮನೆಯಲ್ಲಿ ಜೂನ್ ತಿಂಗಳಿಂದ ಡೆನ್ಮಾರ್ಕಿನ ಸಂಸಾರವೊಂದು ಬಾಡಿಗೆಗಿದೆ. ಗಂಡ ಪೀಟರ್. ದಿನಾ ಬೆಳಿಗ್ಗೆ ಟೇಪು, ದಾರ, ಛತ್ರಿ ಹಿಡಿದು ಗೋವಿಂದನಹಳ್ಳಿಗೆ ಹೋಗಿ, ಅಲ್ಲಿನ ಪಂಚಲಿಂಗೇಶ್ವರನ ಗುಡಿಯ ಕಲ್ಲುಗಳನ್ನು ಒಂದೊಂದಾಗಿ ಅಳೆದು, ನಂಬರ್ ಹಾಕಿ, ಚಿತ್ರ ಬರೆದುಕೊಂಡು ಬರುವುದು ಅವನ ಕೆಲಸ. ಗುಡಿ ಕಟ್ಟಿದವರೂ ಇಷ್ಟು ಅಳೆದಿರಲಿಕ್ಕಿಲ್ಲ ಅಂತ ಅಲ್ಲಿಯವರು ಮಾತಾಡಿಕೊಳ್ಳುತ್ತಾರೆ. ಹೆಂಡತಿ ಕರೆನ್, ಮಗಳು ಸೋಫಿ. ಸೋಫಿಗೆ ಏಳು ವರ್ಷ. ಪಕ್ಕದ ಬೀದಿಯ ಸ್ಕೂಲಿಗೆ ಹೋಗುತ್ತಾಳೆ. ಬೆಂಗಳೂರಲ್ಲಿ ಬೆಳೆದ ನನ್ನ ಹೆಂಡತಿ ಸುಜಾತಳಿಗಿಂತ ಚೆನ್ನಾಗಿ ಮಂಡ್ಯದ ಕನ್ನಡ ಮಾತಾಡುತ್ತಾಳೆ.

ಡಿಸೆಂಬರ್ ಬಂತು. ಊರು ಬಿಟ್ಟ ಮೇಲೆ ಅವರಿಗೆ ಇದು ಮೊದಲ ಕ್ರಿಸ್‌ಮಸ್. ಒಂದು ಸಂಜೆ ಗಂಡ ಹೆಂಡತಿ ಇಬ್ಬರೂ ಕೆಳಗಿಳಿದು ಬಂದು ಸೋಫಾದ ತುದಿಯಲ್ಲಿ ಕೂತರು. ಬಾಡಿಗೆ ಮನೆಯವರು ಸೋಫಾದ ತುದಿಯಲ್ಲಿ ಕೂತರೆ ಏನೋ ಕೇಳಲಿಕ್ಕಿದೆ ಅಂತಲೇ ಅರ್ಥ.

ಕೇಳಿದ್ದು ಇಷ್ಟು. ಅವರಿಗೆ ಒಂದು ಮರ ಬೇಕು. ನಿಜವಾದ ಮರ. ಅವರ ಕಡೆ ಅದನ್ನು ಮೂಲೆಯಲ್ಲಿ ಒರಗಿಸುವುದಿಲ್ಲವಂತೆ. ಕೋಣೆಯ ನಟ್ಟನಡುವೆ ನಿಲ್ಲಿಸಿ, ಕೊಂಬೆಗಳಿಗೆ ಉರಿಯುವ ಮೇಣದಬತ್ತಿ ಸಿಕ್ಕಿಸಿ, ಮನೆಮಂದಿಯೆಲ್ಲ ಕೈ ಕೈ ಹಿಡಿದು ಸುತ್ತ ನಡೆಯುತ್ತ ಹಾಡು ಹೇಳಬೇಕು. ಅಜ್ಜ, ಅಜ್ಜಿ, ಚಿಕ್ಕಪ್ಪ, ನೆಂಟರು ಎಲ್ಲ ಸೇರಿದರೆ ದೊಡ್ಡ ಬಳೆಯ ಹಾಗೆ ಆಗುತ್ತದೆ. ಮೇಲಿನ ಶೀಟಿನ ಮನೆಯಲ್ಲಿ ಪೀಟರ್ ನೆಟ್ಟಗೆ ನಿಂತರೇ ತಲೆ ತಾಗುತ್ತದೆ, ಇನ್ನು ಮರ ನಿಲ್ಲುವುದೆಲ್ಲಿ? ಅದಕ್ಕೆ ನಮ್ಮ ಹಾಲ್ ಒಂದು ಸಂಜೆಗೆ ಸಿಗಬಹುದಾ?

ಜತೆಗೆ, ಕರೆನ್ ಸಂಕೋಚದಿಂದ ಸೇರಿಸಿದಳು, ಮೂರು ಜನ ಕೈ ಹಿಡಿದರೆ ಮರ ಸುತ್ತಲಿಕ್ಕೆ ಆಗುವುದಿಲ್ಲ. ನೀವೂ ಬರಬಹುದಾ?

ಹಾಲ್ ಕೊಡಲಿಕ್ಕೆ ನನ್ನದೇನು ಅಡ್ಡಿ? ಆದರೆ ಹಾಲ್ ನನ್ನದಲ್ಲ, ಅವ್ವನದು. ಅವ್ವನಿಗೆ ಈ ವರ್ಷ ಹಬ್ಬವಿಲ್ಲ.

ಆಷಾಢದಲ್ಲಿ ಅಪ್ಪ ತೀರಿಕೊಂಡರು. ತಿಥಿಯ ದಿನ ಪೀಟರ್ ಬಿಳಿ ಶರ್ಟ್ ಹಾಕಿಕೊಂಡು ಬಂದು ಕೊನೆಯ ಪಂಕ್ತಿಯವರೆಗೂ ನೀರು ಬಡಿಸಿದ್ದ. ಸತ್ತವರ ಮನೆಯಲ್ಲಿ ವರ್ಷ ತುಂಬುವವರೆಗೆ ಹಬ್ಬ ಮಾಡಬಾರದು ಅನ್ನುವುದು ನಿಮಗೆ ಗೊತ್ತೇ ಇದೆ. ತೋರಣ ಇಲ್ಲ, ಹೊಸ ಬಟ್ಟೆ ಇಲ್ಲ, ಒಬ್ಬಟ್ಟಿಲ್ಲ. ದಸರಾ ಹಾಗೇ ಹೋಯಿತು. ದೀಪಾವಳಿಯ ದಿನ ನಮ್ಮ ಮನೆಯಲ್ಲಿ ಹುರುಳಿ ಸಾರು. ಅಕ್ಕಪಕ್ಕದವರು ತಟ್ಟೆ ಮುಚ್ಚಿಕೊಂಡು ಒಬ್ಬಟ್ಟು ತಂದುಕೊಟ್ಟರು. ಅವ್ವ ನಮಗೆ ಬಡಿಸಿದಳು, ತಾನು ಮುಟ್ಟಲಿಲ್ಲ.

ಅವ್ವ ಹಬ್ಬದ ಹೆಂಗಸು. ಆಕೆ ಹೂರಣ ರುಬ್ಬುವುದಕ್ಕೆ ಕೂತಳೆಂದರೆ ಬೀದಿನಾಯಿಗಳಿಗೂ ಅವತ್ತು ಯಾವ ಹಬ್ಬ ಅಂತ ತಿಳಿಯುತ್ತಿತ್ತು. ಈ ವರ್ಷ ಕ್ಯಾಲೆಂಡರ್ ಹಾಳೆ ತಿರುಗಿಸುವ ಕೆಲಸವನ್ನೂ ಸುಜಾತಳಿಗೆ ಬಿಟ್ಟುಬಿಟ್ಟಿದ್ದಾಳೆ. ನನಗೆ ಹೊಟ್ಟೆ ಉರಿಯುತ್ತಿದ್ದದ್ದು ಇದಕ್ಕೇ. ವರ್ಷ ತುಂಬಿದರೆ ಮನೆಗೆ ಹಬ್ಬ ವಾಪಸ್ ಬರುತ್ತದೆ, ಸರಿ. ಅವ್ವನಿಗೆ? ಆರತಿ ಎತ್ತುವ ಸಾಲಿನಲ್ಲಿ, ಅರಿಶಿನ ಕುಂಕುಮದ ಸಾಲಿನಲ್ಲಿ, ಮದುವೆ ಮನೆಯ ಮುಂದಿನ ಸಾಲಿನಲ್ಲಿ ಅವಳ ಜಾಗ ಇನ್ನು ಯಾವ ವರ್ಷಕ್ಕೂ ವಾಪಸ್ ಬರುವುದಿಲ್ಲ.

ಅವ್ವ ಅವರೆಕಾಯಿ ಸುಲಿಯುತ್ತಿದ್ದಳು. ವಿಷಯ ಹೇಳಿದೆ. ತಲೆ ಎತ್ತದೆ ವಿಚಾರಣೆ ಶುರು ಮಾಡಿದಳು. ಬಾಗಿಲಿಗೆ ತೋರಣ ಕಟ್ಟುತ್ತಾರಾ? ಇಲ್ಲ. ಒಬ್ಬಟ್ಟು? ಇಲ್ಲ. ಗಂಟೆ, ಮಂಗಳಾರತಿ? ಇಲ್ಲ. ಎಣ್ಣೆ ನೀರು ಹಾಕಿಕೊಳ್ಳುತ್ತಾರಾ? ಅದೂ ಇಲ್ಲ. ಅವ್ವ ಮೊರವನ್ನು ಒಮ್ಮೆ ಕೊಡವಿ ತೀರ್ಪು ಕೊಟ್ಟಳು.

“ಅಂಗಾದ್ರೆ ಅದು ಹಬ್ಬ ಎಂಗಾಯ್ತದೆ? ಮರ ತಾನೆ, ಇಟ್ಕಳ್ಳಿ ಬುಡು.”

ತಾನು ಮಾತ್ರ ಅಡುಗೆಮನೆ ಬಿಟ್ಟು ಬರುವುದಿಲ್ಲ ಅಂತಲೂ ಹೇಳಿದಳು. ಇಷ್ಟು ಸಿಕ್ಕಿದ್ದೇ ಹೆಚ್ಚು ಅಂದುಕೊಂಡು ನಾನು ಎದ್ದುಬಂದೆ.

ಇನ್ನು ಮರ. ಅವರ ಊರಿನ ಮರ ನಮ್ಮ ಕಡೆ ಹುಟ್ಟುವುದಿಲ್ಲ. ಅದರ ದೂರದ ನೆಂಟನ ಹಾಗೆ ಕಾಣುವುದು ಸರ್ವೆ. ಸರ್ವೆ ತೋಪು ಇರುವುದು ಸಿಂಧಘಟ್ಟದಲ್ಲಿ, ನನ್ನ ಸೋದರಮಾವ ಚಿಕ್ಕೇಗೌಡರ ಹೊಲದಲ್ಲಿ. ಮಾವ ಅವ್ವನ ತಮ್ಮ. ನಮ್ಮ ನೆಂಟರ ಪೈಕಿ ಯಾವುದು ಮಾಡಬೇಕು, ಯಾವುದು ಮಾಡಬಾರದು ಅನ್ನುವುದೆಲ್ಲ ಮಾವನ ಇಲಾಖೆ. ಸಂತೆಗೆ ಬಂದಿದ್ದಾಗ ಹೇಳಿದೆ: ಮಾವ, ಮಹಡಿ ಮನೆಯವರ ಹಬ್ಬಕ್ಕೆ ಮನೆಯೊಳಗೆ ನಿಲ್ಲಿಸಲಿಕ್ಕೆ ಒಂದು ಸರ್ವೆ ಮರ ಬೇಕು, ನೆಟ್ಟಗಿರುವುದು ನೋಡಿ ಕಡಿಸಿಕೊಡಿ. ಮಾವ ಒಪ್ಪಿದರು. ಪರದೇಶದವರಿಗೆ ಕೊಡುವುದು, ಹೆಸರು ಕೆಡಬಾರದು ಅಂತ ತಾವೇ ನಿಂತು ಆರಿಸುತ್ತೇನೆ ಎಂದರು.

ಕ್ರಿಸ್‌ಮಸ್‌ಗೆ ಮೂರು ದಿನ ಮುಂಚೆ ಮಾವನ ಟ್ರಾಕ್ಟರು ನಮ್ಮ ಗೇಟಿನ ಮುಂದೆ ನಿಂತಿತು. ಸೋಫಿ ಮೆಟ್ಟಿಲು ಹಾರಿ ಓಡಿಬಂದಳು. ಹಿಂದೆ ಪೀಟರ್, ಕರೆನ್.

ಟ್ರೇಲರ್ ಮೇಲೆ ಒಂದು ಕಂಬ ಮಲಗಿತ್ತು.

ಕಂಬ ಅಂದರೆ ಅಂತಿಂಥ ಕಂಬವಲ್ಲ. ಉದ್ದ, ನೇರ, ಬುಡದಿಂದ ತುದಿವರೆಗೆ ಒಂದೇ ಹದ. ಒಂದೂ ಕೊಂಬೆಯಿಲ್ಲ, ಒಂದೂ ಎಲೆಯಿಲ್ಲ. ಸಿಪ್ಪೆಯನ್ನೂ ತೆಗೆಸಿ, ಗಂಟುಗಳನ್ನು ಮಚ್ಚಿನಲ್ಲಿ ಹೆರೆಸಿ, ಕೈಯಾಡಿಸಿದರೆ ಜಾರುವ ಹಾಗೆ ಮಾಡಿಸಿದ್ದರು. ಸರ್ವೆ ಬೆಳೆಯುವವರು ನಮ್ಮಲ್ಲಿ ಬೆಳೆಯುವುದೇ ಕಂಬಕ್ಕೆ. ಚಪ್ಪರಕ್ಕೆ, ಕಟ್ಟಡದ ಸಾರವೆಗೆ. ಮರ ಕೊಡಿ ಎಂದರೆ ಕಂಬ ಕೊಡುತ್ತಾರೆ. ಒಳ್ಳೆ ಮರ ಕೊಡಿ ಎಂದರೆ ಹೆರೆದು ಕೊಡುತ್ತಾರೆ. ಎಲೆ ಸಮೇತ ಕೊಡಿ ಅಂತ ನಾನು ಹೇಳಿರಲಿಲ್ಲ. ನೀವಾದರೂ ಹೇಳುತ್ತಿದ್ದಿರಾ?

“ಒಂದು ಗಂಟಿದ್ರೆ ತೋರ್ಸ್ಲಾ. ನೂಲು ಇಡ್ದಂಗದೆ,” ಅಂದರು ಮಾವ.

ಪೀಟರ್ ಅಭ್ಯಾಸಬಲದಿಂದ ಜೇಬಿನಿಂದ ಟೇಪು ತೆಗೆದು ಕಂಬವನ್ನು ಅಳೆದ. ಕರೆನ್ ಮುಖದಲ್ಲಿ ನಗು ಹಾಗೇ ಇತ್ತು, ಆದರೆ ಅದನ್ನು ಎಲ್ಲಿಡಬೇಕೆಂದು ಅವಳಿಗೆ ತಿಳಿಯಲಿಲ್ಲ. ಸೋಫಿ ಮಾತ್ರ ಟ್ರೇಲರ್ ಸುತ್ತ ಒಂದು ಸುತ್ತು ಬಂದು, ಕೆಳಗೂ ಬಗ್ಗಿ ನೋಡಿ, ಎಲೆ ಎಲ್ಲಿ ಹೋದವು ತಾತ ಅಂತ ಮಾವನನ್ನೇ ಕೇಳಿ, ಉತ್ತರ ಬರುವ ಮುಂಚೆ ಅಳುವುದಕ್ಕೆ ಶುರುಮಾಡಿದಳು.

ಮಾವ ಗಾಬರಿಯಾದರು. ಕೊಂಬೆಯೆಲ್ಲ ನೀರೊಲೆಗೆ ಅಂತ ಹಿತ್ತಲಲ್ಲಿ ಒಟ್ಟಿದೆ, ಅದನ್ನು ತಗೊಂಡು ಏನು ಮಾಡುತ್ತೀರಿ ಎಂದರು. ಇನ್ನೊಂದು ಮರ ಕಡಿಸೋಣವೇ ಅಂತ ನಾನು ಮೆಲ್ಲಗೆ ಕೇಳಿದೆ. ಒಂದು ಸಂಜೆಗೋಸ್ಕರ ಎರಡು ಮರವೇ? ಮಾವನಿಗೆ ಒಂದು ಕಡಿದದ್ದೇ ಜಾಸ್ತಿಯಾಗಿತ್ತು.

ಆಗ ಪೀಟರ್ ಬಾಯಿಬಿಟ್ಟ. ಅವನ ಪ್ರಕಾರ ಇದೇನೂ ದೊಡ್ಡ ಸಮಸ್ಯೆಯಲ್ಲ. ಬಿಚ್ಚಿದ ಗುಡಿಯನ್ನು ಮತ್ತೆ ಜೋಡಿಸುವುದಿಲ್ಲವೇ? ಹಾಗೇ ಇದು. ಬಿಡಿಭಾಗಗಳೆಲ್ಲ ಸಿಕ್ಕರೆ ಸಾಕು.

ಮಾರನೇ ದಿನ ಅರ್ಧ ಟ್ರೇಲರ್ ಕೊಂಬೆ ಬಂತು. ಕಂಬವನ್ನು ಹಾಲ್‌ನ ಎತ್ತರಕ್ಕೆ ಕೊಯ್ಯಿಸಿದೆವು. ನೀರಿನ ಡ್ರಮ್ಮಿಗೆ ಮರಳು ತುಂಬಿ ನಿಲ್ಲಿಸುವುದು ಅಂತಾಯಿತು. ಪೀಟರ್ ಅಂಗಳದಲ್ಲಿ ಕೊಂಬೆಗಳನ್ನು ಉದ್ದದ ಪ್ರಕಾರ ಸಾಲಾಗಿ ಮಲಗಿಸಿ ಚೀಟಿ ಕಟ್ಟಿ ನಂಬರ್ ಹಾಕಿದ. (ಬೀದಿಯಲ್ಲಿ ಹೋಗುತ್ತಿದ್ದವರೊಬ್ಬರು ಇದು ಹರಾಜಾ ಅಂತ ವಿಚಾರಿಸಿದರು.) ಕಟ್ಟುವ ಕೆಲಸ ಮಾವನದು. ಚಪ್ಪರ ಕಟ್ಟಿ ಪಳಗಿದ ಕೈ. ಕತ್ತಾಳೆ ನಾರು ನೆನೆಸಿಟ್ಟುಕೊಂಡು ಕೂತರು. ಎಲ್ಲ ಸಿದ್ಧವಾಯಿತು, ಡ್ರಮ್ಮನ್ನು ಒಳಗೆ ಸಾಗಿಸೋಣ ಎಂದೆ.

ಒಳಗೆ ಅಂದರೆ ಎಲ್ಲಿ, ಮಹಡಿಗಲ್ಲವಾ ಅಂತ ಮಾವ ಕೇಳಿದರು. ಅಲ್ಲ, ನಮ್ಮ ಹಾಲ್‌ಗೆ ಎಂದೆ.

ಮಾವ ನಾರನ್ನು ಕೆಳಗಿಟ್ಟರು. ಅಡುಗೆಮನೆ ಕಡೆ ತಿರುಗಿ, ಅವ್ವನಿಗೆ ಕೇಳುವಂತೆ ಹೇಳಿದರು.

“ಅಕ್ಕಯ್ಯ, ಬಾವ ಓಗಿ ವರ್ಸ ತುಂಬಿಲ್ಲ. ಹಸ್ರು ಒಳಕ್ಕೆ ತಂದು ನಿಲ್ಸುದ್ರೆ ಅದು ಹಬ್ಬಾನೇಯಾ. ನಾಳಿಕ್ಕೆ ಜನ ನನ್ನ ಕೇಳ್ತಾರೆ, ನಿನ್ನಲ್ಲ.”

ಒಳಗಿನಿಂದ ಉತ್ತರ ಬಂತು. ಅವ್ವನ ದನಿ, ಏರೂ ಇಲ್ಲ ಇಳಿಯೂ ಇಲ್ಲ.

“ಕೇಳುದ್ರೆ ನನ್ ತಾವ್ಕೆ ಕಳ್ಸು. ನಾನೆಲ್ಗೋಗ್ತೀನಿ? ಮನೇಲೇ ಇರ್ತೀನಿ.”

ಈ ಮಾತು ಮಾವನಿಗೆ ಎಲ್ಲಿ ತಾಗಿತು ಅನ್ನುವುದು ನನಗೆ ಗೊತ್ತು. ಕಾರ್ತಿಕದಲ್ಲಿ ಮಾವನ ಮಗಳ ನಿಶ್ಚಿತಾರ್ಥ ಆಯಿತು. ಆ ಹುಡುಗಿಯನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವ್ವ. ಆರತಿ ತಟ್ಟೆ ಬರುವ ಹೊತ್ತಿಗೆ ಅವ್ವ ತಾನಾಗಿ ಎದ್ದು ಹಿಂದಿನ ಕೋಣೆಗೆ ಹೋಗಿ ಅಕ್ಕಿ ಮೂಟೆಗಳ ಪಕ್ಕ ಕೂತಳು. ಹೋಗು ಅಂತ ಯಾರೂ ಹೇಳಲಿಲ್ಲ. ಬಾ ಅಂತಲೂ ಯಾರೂ ಹೇಳಲಿಲ್ಲ. ನಾನು ಅಲ್ಲೇ ಇದ್ದೆ, ಮಾವನೂ ಇದ್ದರು. ಇಬ್ಬರೂ ಫೋಟೋಗೆ ನಿಂತಿದ್ದೆವು.

ಮಾವ ನಾರನ್ನು ಎತ್ತಿಕೊಂಡರು. ಡ್ರಮ್ಮಿಗೆ ಹೆಗಲು ಕೊಟ್ಟರು. ಸಂಜೆವರೆಗೂ ಹಾಲ್‌ನಲ್ಲಿ ನಿಂತು, ಪೀಟರ್ ನಂಬರ್ ಕೂಗಿದ ಹಾಗೆ ಒಂದೊಂದೇ ಕೊಂಬೆಯನ್ನು ಕಂಬಕ್ಕೆ ಬಿಗಿದರು. ನಂಬರ್ ಇಂಗ್ಲಿಷಿನಲ್ಲಿ, ಬೈಗುಳ ಕನ್ನಡದಲ್ಲಿ. ಮುಗಿದಾಗ ಅದು ಮರದ ಹಾಗೇ ಕಂಡಿತು. ಸ್ವಲ್ಪ ಮದುವೆಮನೆಯ ಬಾಗಿಲ ಹಾಗೂ ಕಂಡಿತು.

ಮರುದಿನ ಕ್ರಿಸ್‌ಮಸ್ ಹಿಂದಿನ ಸಂಜೆ. ಅವರಿಗೆ ಅದೇ ಮುಖ್ಯ. ಮಗಳು ನೋಡಬಾರದು ಅಂತ ಹಾಲ್‌ನ ಬಾಗಿಲು ಹಾಕಿಕೊಂಡು ಕರೆನ್ ಮತ್ತು ಸುಜಾತ ಅಲಂಕಾರ ಮಾಡಿದರು. ಕೆಂಪು ಬಿಳಿ ಕಾಗದದ ಪಟ್ಟಿಗಳನ್ನು ಚಾಪೆ ಹೆಣೆದಂತೆ ಹೆಣೆದು ಪುಟ್ಟ ಪುಟ್ಟ ಬುಟ್ಟಿ ಮಾಡಿದ್ದರು. ಅದರಲ್ಲಿ ಅರ್ಧ ಅವ್ವ ಹೆಣೆದದ್ದು. ಹೆಣೆಯುವುದು ಕೈಕೆಲಸ, ಹಬ್ಬದ ಲೆಕ್ಕಕ್ಕೆ ಬರುವುದಿಲ್ಲವಂತೆ. ನೇತುಹಾಕುವುದು ಬರುತ್ತದಂತೆ, ಅದಕ್ಕೆ ನೇತುಹಾಕಲಿಲ್ಲ. ಆಕೆಯ ಕಾನೂನನ್ನು ನಾನು ಪ್ರಶ್ನಿಸಲು ಹೋಗಲಿಲ್ಲ.

ಕೊನೆಗೆ ಮೇಣದಬತ್ತಿ. ಕರೆಂಟ್ ಹೋದಾಗ ಹಚ್ಚುವಂಥವೇ, ತುಂಡು ಮಾಡಿದ್ದು. ರಾತ್ರಿ ನಮ್ಮಲ್ಲೇ ಉಳಿದಿದ್ದು, ಈಗ ಊರಿಗೆ ಹೊರಡಲು ಟ್ರಾಕ್ಟರು ಹತ್ತುವುದರಲ್ಲಿದ್ದ ಮಾವ ಅದನ್ನು ಕಿಟಕಿಯಿಂದ ಕಂಡರು. ಕಡಿದು ಮೂರು ದಿನವಾದ ಸರ್ವೆ ಸೊಪ್ಪಿಗೆ ಬೆಂಕಿ! ಪೆಟ್ರೋಲ್ ಬಂಕಿನಲ್ಲಿ ಬೀಡಿ ಹಚ್ಚುವುದೂ ಒಂದೇ, ಇದೂ ಒಂದೇ. ಮಾವ ವಾಪಸ್ ಬಂದರು. ಬಚ್ಚಲಿನಿಂದ ಬಕೇಟಿನ ತುಂಬ ನೀರು ಹಿಡಿದು ತಂದು ಹಾಲ್‌ನ ಮೂಲೆಯಲ್ಲಿ ಕಾವಲು ನಿಂತರು. ತಾನು ಹಬ್ಬಕ್ಕೆ ಬಂದವನಲ್ಲ, ಬೆಂಕಿಗೆ ನಿಂತವನು ಅಂತ ಎಲ್ಲರಿಗೂ ಕೇಳುವಂತೆ ಹೇಳಿದರು.

ಬಾಗಿಲು ತೆರೆದೆವು. ಸೋಫಿ ಒಳಗೆ ಬಂದು ನಿಂತಳು. ಕಂಬಕ್ಕೆ ಕೊಂಬೆ ಕಟ್ಟಿದ ಮರ ಅದು, ನಾನೇ ಕಟ್ಟುವುದನ್ನು ನೋಡಿದ್ದೆ. ಆದರೂ ಚೆನ್ನಾಗಿತ್ತು. ನಿಜವಾಗಿ ಚೆನ್ನಾಗಿತ್ತು.

ಪೀಟರ್, ಕರೆನ್, ಸೋಫಿ, ನಾನು, ಸುಜಾತ ಕೈ ಹಿಡಿದೆವು. ಸುತ್ತು ಕೂಡಲಿಲ್ಲ. ಮಾವ ಕೊಂಬೆಗಳನ್ನು ಧಾರಾಳವಾಗಿ ಹೊರಕ್ಕೆ ಚಾಚಿ ಕಟ್ಟಿದ್ದರು. ಎಷ್ಟು ಎಳೆದಾಡಿದರೂ ನನ್ನ ಕೈಗೂ ಪೀಟರನ ಕೈಗೂ ನಡುವೆ ಇನ್ನಿಬ್ಬರು ಹಿಡಿಸುವಷ್ಟು ಜಾಗ.

ಕರೆನ್ ಕೈ ಬಿಡಿಸಿಕೊಂಡು ನೇರ ಅಡುಗೆಮನೆಯ ಬಾಗಿಲಿಗೆ ಹೋಗಿ ಕೈ ಚಾಚಿದಳು.

ಅವ್ವ ಸೌಟು ಹಿಡಿದು ನಿಂತಿದ್ದಳು. ಕರೆನ್ ಕೈಯನ್ನು ನೋಡಿದಳು, ಮರವನ್ನು ನೋಡಿದಳು, ಮೂಲೆಯಲ್ಲಿದ್ದ ತಮ್ಮನನ್ನು ನೋಡಿದಳು. ಆಮೇಲೆ ನನಗೆ ಹೇಳಿದಳು.

“ಗಂಡ ಇಲ್ದೋರು ಸೇರ್ಬೋದಾ ಕೇಳ್ಲಾ.”

ನಾನು ಇಂಗ್ಲಿಷಿಗೆ ತಿರುಗಿಸಿದೆ. ಕರೆನ್‌ಗೆ ಅರ್ಥವಾಗಲಿಲ್ಲ. ಪದಗಳು ಅರ್ಥವಾದವು, ಪ್ರಶ್ನೆ ಅರ್ಥವಾಗಲಿಲ್ಲ. ಇನ್ನೊಂದು ಥರ ಕೇಳಿದೆ. ವಿಧವೆಯರು ಇದರಲ್ಲಿ ಕೈ ಹಿಡಿಯಬಹುದಾ, ಏನಾದರೂ ಕಟ್ಟುಪಾಡಿದೆಯಾ? ಅವಳು ಪೀಟರನ ಕಡೆ ತಿರುಗಿದಳು. ಇಬ್ಬರೂ ಅವರ ಭಾಷೆಯಲ್ಲಿ ಗುಸುಗುಸು ಮಾತಾಡಿಕೊಂಡರು. ಇವರಲ್ಲೂ ಏನಾದರೂ ಇದ್ದುಬಿಟ್ಟರೆ? ಅವ್ವ ಅವಳಾಗಿ ಕೇಳಿದ್ದು ಇದು ಮೊದಲ ಸಲ. ಇಲ್ಲ ಅನ್ನಿಸಿಕೊಂಡು ವಾಪಸ್ ಒಲೆಯ ಮುಂದೆ ಹೋಗಿ ಕೂತಳೆಂದರೆ ಇನ್ನೊಮ್ಮೆ ಕೇಳುವವಳಲ್ಲ.

ಕರೆನ್ ಬಹಳ ಯೋಚಿಸಿ ಉತ್ತರ ಕೊಟ್ಟಳು. ಹೌದು, ಒಂದು ಕಟ್ಟುಪಾಡಿದೆ. ಸೀರೆಯ ಸೆರಗನ್ನು ಸಿಕ್ಕಿಸಿಕೊಳ್ಳಬೇಕು. ಕೆಳಗಿನ ಸಾಲಿನ ಮೇಣದಬತ್ತಿಗೆ ತಾಗುತ್ತದೆ.

ಅಷ್ಟೇನಾ ಅಂತ ಅವ್ವ ಕೇಳಿದಳು. ಅಷ್ಟೇ ಎಂದೆ.

ಅವ್ವ ಸೌಟು ಕೆಳಗಿಟ್ಟಳು. ನಾಟಿಗೆ ಗದ್ದೆಗಿಳಿಯುವವಳ ಹಾಗೆ ಸೆರಗನ್ನು ಸೊಂಟಕ್ಕೆ ಬಿಗಿದು ಸಿಕ್ಕಿಸಿ, ಬಂದು ನನ್ನ ಕೈ ಹಿಡಿದಳು. ಅಪ್ಪ ಹೋದ ಮೇಲೆ ಅವ್ವನ ಕೈ ಹಿಡಿದಿದ್ದು ನಾನು ಅವತ್ತೇ. ಇಷ್ಟು ದಿನ ಯಾಕೆ ಹಿಡಿದಿರಲಿಲ್ಲ ಅಂತ ನನ್ನನ್ನು ಕೇಳಬೇಡಿ.

ಇನ್ನೂ ಒಬ್ಬರ ಜಾಗ ಉಳಿಯಿತು. ಎಲ್ಲರೂ ಮೂಲೆಯ ಕಡೆ ನೋಡಿದೆವು.

ಮಾವ ಬಕೇಟು ಬಿಡಲಿಲ್ಲ. ಬಿಟ್ಟರೆ ಹಬ್ಬ ಮಾಡಿದ ಹಾಗಾಗುತ್ತದಲ್ಲ? ಬಕೇಟು ಸಮೇತ ಬಂದು ಎಡಗೈಯಲ್ಲಿ ಅಕ್ಕನ ಕೈ ಹಿಡಿದರು. ಬಲಗೈಯ ಬಕೇಟಿನ ಹಿಡಿಯನ್ನು ಇನ್ನೊಂದು ಕಡೆಯಿಂದ ಪೀಟರ್ ಹಿಡಿದುಕೊಂಡ. ಸುತ್ತು ಕೂಡಿತು.

ಅವರು ಹಾಡಿದರು, ನಾವು ನಡೆದೆವು. ಮೊದಲ ಹಾಡು ಸುಸೂತ್ರ. ಎರಡನೇ ಹಾಡಿಗೆ ಅವರಲ್ಲಿ ದಿಕ್ಕು ಬದಲಿಸುವ ರೂಢಿಯಂತೆ. ಎಡಸುತ್ತು ಶುರುಮಾಡಿದರು. ಮಾವ ಗೂಟ ಹೊಡೆದ ಹಾಗೆ ನಿಂತುಬಿಟ್ಟರು. ಎಡಕ್ಕೆ ಸುತ್ತುವುದು ನಮ್ಮಲ್ಲಿ ಹೆಣಕ್ಕೆ ಮಾತ್ರ. ಬಕೇಟು ಓಲಾಡಿ ಅರ್ಧ ನೀರು ಪೀಟರನ ಕಾಲಿನ ಮೇಲೆ ಸುರಿಯಿತು. ಡಿಸೆಂಬರಿನ ನೀರು. ಪೀಟರ್ ಒಂದೇ ಕಾಲಿನಲ್ಲಿ ಕುಣಿದ. ಹಾಡು ನಿಂತಿತು.

ಅವ್ವ ನಕ್ಕಳು. ಸೆರಗು ಸೊಂಟದಲ್ಲಿತ್ತು, ಬಾಯಿಗೆ ಅಡ್ಡ ಹಿಡಿಯಲು ಏನೂ ಇರಲಿಲ್ಲ. ಹಾಗಾಗಿ ಪೂರಾ ನಕ್ಕಳು. ನನಗೆ ಕಣ್ಣಲ್ಲಿ ನೀರು ಬಂತು. ಮೇಣದಬತ್ತಿಯ ಹೊಗೆ ಅಂತ ಸುಜಾತಳಿಗೆ ಹೇಳಿದೆ.

ಮಾವನ ಮಾತಿನಂತೆ ಉಳಿದ ಹಾಡುಗಳಿಗೆಲ್ಲ ಬಲಕ್ಕೇ ಸುತ್ತಿದೆವು. ತಮ್ಮ ಮನೆತನದಲ್ಲಿ ಹೀಗೆ ಸುತ್ತಿದ್ದು ಇದೇ ಮೊದಲು ಅಂತ ಪೀಟರ್ ಹೇಳಿದ. ಬೇಸರವೇನೂ ಇದ್ದ ಹಾಗೆ ಕಾಣಲಿಲ್ಲ. ಕಾಲು ಒರೆಸಿಕೊಳ್ಳುತ್ತಿದ್ದ.

ಮಾವ ಊರಿಗೆ ಹೋಗಿ ಏನು ಹೇಳಿದ್ದಾರೋ ಗೊತ್ತಿಲ್ಲ. ಬೆಂಕಿ ಕಾಯಲು ಹೋಗಿದ್ದೆ ಎಂದಿರಬೇಕು. ಇಲ್ಲಿ ಮಾತ್ರ ಬಸ್‌ಸ್ಟಾಂಡ್ ಹತ್ತಿರದ ಹೋಟೆಲಿನಲ್ಲಿ ಒಬ್ಬರು, ನಿಮ್ಮ ಮನೆಯವರೆಲ್ಲ ಚರ್ಚಿನ ಕಡೆ ಸೇರಿಕೊಂಡರಂತೆ ಅಂತ ಕಾಫಿ ಜತೆ ವಿಚಾರಿಸಿದರು. ಇಲ್ಲ, ಅವ್ವ ಸೆರಗು ಸಿಕ್ಕಿಸಿಕೊಂಡಳು ಅಷ್ಟೇ ಎಂದೆ. ಅವರಿಗೆ ಅರ್ಥವಾಗಲಿಲ್ಲ, ನಾನೂ ಬಿಡಿಸಿ ಹೇಳಲಿಲ್ಲ.

ಮರವನ್ನು ಜನವರಿ ಮೊದಲ ವಾರದವರೆಗೆ ಇಡುವುದು ಅವರ ಪದ್ಧತಿ. ಕಂದು ಬಣ್ಣಕ್ಕೆ ತಿರುಗಿ ದಿನಕ್ಕೊಂದು ಮೊರ ಉದುರಿಸುತ್ತಿದೆ. ಸುಜಾತ ಗುಡಿಸಲು ಹೋದರೆ ಅವ್ವ ಪೊರಕೆ ಕಿತ್ತುಕೊಳ್ಳುತ್ತಾಳೆ. ಬೈದುಕೊಂಡು ತಾನೇ ಗುಡಿಸುತ್ತಾಳೆ.

ನಿನ್ನೆಯೂ ಗುಡಿಸುತ್ತಿದ್ದಳು. ನಾನು ಈ ಅಂಕಣ ಬರೆಯಲು ಕೂತಿದ್ದೆ. ಪೊರಕೆ ನಿಂತ ಸದ್ದಾಯಿತು. ತಲೆ ಎತ್ತಿದೆ.

“ಅವ್ರ ದೇಸದಲ್ಲಿ ಗೌರಿ ಹಬ್ಬ ಇದ್ದಿದ್ರೆ, ಅದ್ಕೂ ನನ್ನ ಸೇರುಸ್ಕತಿದ್ರಾ ಕೇಳ್ಲಾ.”

ಕೇಳ್ತೀನಿ ಅವ್ವ ಅಂದೆ. ಮಹಡಿ ಹತ್ತಿ ಅವರನ್ನು ಕೇಳಲೋ, ಇಲ್ಲೇ ಕೂತು ನಿಮ್ಮನ್ನು ಕೇಳಲೋ?